ಹಣೆಗೆ ಕಟ್ಟಿದ ರೇಷ್ಮೆ ತುಂಡು

ಮೂಡಲಪಾಳ್ಯದಲ್ಲಿ ಬ್ಲೌಸಿಗೆ ಪೇಸ್ಟಿಂಗ್ ಹಾಕಿಸಬೇಕೆಂದರೆ ಪುಟ್ಟಲಕ್ಷ್ಮಿಯ ಅಂಗಡಿಗೇ ಬರಬೇಕು. ಹಾಗಂತ ಪುಟ್ಟಲಕ್ಷ್ಮಿಯೇ ಹೇಳಿಕೊಳ್ಳುತ್ತಿದ್ದಳು. ಬಟ್ಟೆಯ ಒಳಗೆ ಕ್ಯಾನ್ವಾಸ್ ಅಂಟಿಸಿ ಗಟ್ಟಿ ಮಾಡುವ ಕೆಲಸ ಏನು ಮಹಾ ಎಂದುಕೊಂಡವರು ಇಸ್ತ್ರಿಪೆಟ್ಟಿಗೆಯನ್ನು ಅತ್ತಿತ್ತ ಎಳೆದಾಡಿಬಿಡುತ್ತಾರೆ. ಎರಡು ಸಲ ಒಗೆಯುವುದರೊಳಗೆ ಗುಳ್ಳೆ ಎದ್ದು ಕುತ್ತಿಗೆಯೆಲ್ಲ ಹಪ್ಪಳ. ಪುಟ್ಟಲಕ್ಷ್ಮಿ ಎಳೆಯುವವಳಲ್ಲ. ಒದ್ದೆ ಪಂಚೆಯ ತುಂಡು ಹಾಸಿ, ಪೆಟ್ಟಿಗೆಯನ್ನು ಒತ್ತಿ ಹಿಡಿದು ಹನ್ನೆರಡು ಎಣಿಸುತ್ತಾಳೆ. ಎತ್ತಿದ ಮೇಲೆ ಪೂರ್ತಿ ಆರುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಸಹಸ್ರನಾಮ ಗ್ಯಾರಂಟಿ.

ಆ ಮಧ್ಯಾಹ್ನ ಬಂದವಳು ತಂಗಿಯ ಮಗಳು ಅಮೂಲ್ಯಾ. ತಂಗಿ ಪಂಕಜಾ ತೀರಿಕೊಂಡು ಐದು ತಿಂಗಳಾಗಿತ್ತು. ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎಂದು ಹಿರಿಯರು ಹಟ ಹಿಡಿದಿದ್ದರಿಂದ ಇನ್ನು ಹತ್ತು ದಿನಕ್ಕೆ ಧಾರೆ. ಹುಡುಗಿ ಚೀಲದಿಂದ ಒಂದು ಹಳೇ ರೇಷ್ಮೆ ತುಂಡು ತೆಗೆದಳು. ಪುಟ್ಟಲಕ್ಷ್ಮಿಗೆ ಗುರುತು ಹೇಳಬೇಕಾಗಿರಲಿಲ್ಲ. ತಲೆನೋವು ಬಂದಾಗಲೆಲ್ಲ ಪಂಕಜಾ ಮುಲಾಮು ತಿಕ್ಕಿಕೊಂಡು ಹಣೆಗೆ ಬಿಗಿದುಕೊಳ್ಳುತ್ತಿದ್ದ ಬಟ್ಟೆ ಅದು. ಅದನ್ನು ಕಟ್ಟಿಕೊಂಡೇ ಈ ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹೊಲಿಯುತ್ತಿದ್ದಳು.

"ದೊಡ್ಡಮ್ಮ, ಇದನ್ನ ಧಾರೆ ಬ್ಲೌಸಿನ ಬೆನ್ನಿಗೆ ಇಟ್ಟು ಹೊಲೀರಿ. ಅಜ್ಜಿಗೆ ಗೊತ್ತಾಗೋದು ಬೇಡ, ಸತ್ತೋರ ಬಟ್ಟೆ ಧಾರೆಗೆ ಅಪಶಕುನ ಅಂತಾರೆ. ಆಮೇಲೆ, ಒಗೀಬೇಡಿ. ಅಮ್ಮನ ವಾಸ್ನೆ ಇರೋದು ಇದೊಂದ್ರಲ್ಲೇ. ಸೀರೆ ಎಲ್ಲಾ ಒಗೆದು ಹಂಚಿಬಿಟ್ರು."

ರೇಷ್ಮೆ ಸವೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಹಾಗೇ ಸೂಜಿ ಹಾಕಿದರೆ ಪರ್ರೆಂದು ಹರಿಯುವುದು ಖಂಡಿತ. ಪೇಸ್ಟಿಂಗ್ ಇಲ್ಲದೆ ಗತಿಯಿಲ್ಲ.

ಪುಟ್ಟಲಕ್ಷ್ಮಿ ಕ್ಯಾನ್ವಾಸಿನ ಅಂಟು ಮೈಯನ್ನು ಬೆರಳಿನಿಂದ ಸವರಿ ಗುರುತಿಸಿ, ರೇಷ್ಮೆಯ ಹಿಂಬದಿಗೆ ಹೊಂದಿಸಿದಳು. ಒದ್ದೆ ತುಂಡು ಹಾಸಿ ಪೆಟ್ಟಿಗೆ ಒತ್ತಿದಳು. ಭುಸ್ಸೆಂದು ಹಬೆ ಎದ್ದಿತು. ಹಬೆಯ ಜೊತೆ ಮುಲಾಮಿನ ಘಾಟು, ಅದರ ಹಿಂದೆಯೇ ಕೊಬ್ಬರಿ ಎಣ್ಣೆ, ಬೆವರು. ಪಂಕಜಾ ಮೂಲೆಯಲ್ಲೇ ಕೂತಿದ್ದಾಳೇನೋ ಅನ್ನಿಸಿತು. ಪುಟ್ಟಲಕ್ಷ್ಮಿಗೆ ಎಣಿಕೆ ಏಳಕ್ಕೆ ತಪ್ಪಿಹೋಯಿತು. ಮತ್ತೆ ಒಂದರಿಂದ ಶುರು ಮಾಡಿದಳು.

ಆರಿದ ಮೇಲೆ ಮೂಲೆಯನ್ನು ಉಗುರಿನಿಂದ ಮೀಟಿದಳು. ಕ್ಯಾನ್ವಾಸ್ ಸಲೀಸಾಗಿ ಕಿತ್ತುಬಂತು.

"ಯಾಕೆ ದೊಡ್ಡಮ್ಮ?"

"ಜಿಡ್ಡು ಕಣೇ. ಮುಲಾಮು, ಎಣ್ಣೆ ಎಲ್ಲಾ ಎಳೆ ಎಳೆಗೂ ಇಳಿದುಬಿಟ್ಟಿದೆ. ಜಿಡ್ಡಿರೋ ಕಡೆ ಅಂಟು ಹಿಡಿಯಲ್ಲ. ಒಗೀಲೇಬೇಕು."

ಅಮೂಲ್ಯಾ ತುಂಡನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಬೇಡವಾದರೆ ಹಾಗೇ ಮಡಿಸಿ ಬೀರುವಿನಲ್ಲಿಡು ಅನ್ನಲು ಪುಟ್ಟಲಕ್ಷ್ಮಿ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿಯೇ ಬಟ್ಟೆ ಚಾಚಿದಳು.

"ಒಗೀರಿ. ಬೀರುನಲ್ಲಿದ್ರೆ ಅಮ್ಮ ಮದುವೆಗೆ ಬಂದಂಗಾಗಲ್ಲ."

ಅಂಟುವಾಳದ ನೀರಿನಲ್ಲಿ ಅದ್ದಿ ಹಿಂಡಿದ್ದು ಒಂದು ಸಲವಲ್ಲ, ಮೂರು ಸಲ. ಹಳದಿ ಜಿಡ್ಡು ಬಿಟ್ಟು ನೀರು ಕದಡಿತು. ತುಂಡನ್ನು ನೆರಳಲ್ಲಿ ಒಣಗಿಸಿ, ಹೊಸ ಕ್ಯಾನ್ವಾಸ್ ಇಟ್ಟು ಮತ್ತೆ ಒತ್ತಿದಳು. ಈ ಸಲ ಹನ್ನೆರಡೂ ತಪ್ಪಲಿಲ್ಲ. ಹಬೆಯಲ್ಲಿ ಬರೀ ಕಾದ ಬಟ್ಟೆಯ ವಾಸನೆ.

ಆರುವವರೆಗೆ ಕಾಯಬೇಕಿತ್ತು. ಪುಟ್ಟಲಕ್ಷ್ಮಿಗೆ ತಡೆಯಲಾಗಲಿಲ್ಲ.

"ನಿಮ್ಮಮ್ಮ ತಲೆನೋವು ಅಂದಾಗಲೆಲ್ಲ, ಕೆಲಸಗಳ್ಳಿ, ನಾಟಕ ಆಡ್ತೀಯ ಅಂತಿದ್ದೆ ಕಣೇ. ಇಲ್ಲೇ ಕೂರ್ಸಿ ಹುಕ್ಕು ಹೊಲಿಸ್ದೆ. ತಲೆಯೊಳಗೆ ಗಡ್ಡೆ ಇದೆ ಅಂತ ಯಾರಿಗೆ ಗೊತ್ತಿತ್ತು?"

ಅಮೂಲ್ಯಾ ತಲೆ ಎತ್ತಲಿಲ್ಲ.

"ನಾನೂ ನಾಟಕ ಅಂದಿದ್ದೆ ದೊಡ್ಡಮ್ಮ."

ಪುಟ್ಟಲಕ್ಷ್ಮಿ ಅವಳನ್ನು ಹತ್ತಿರ ಎಳೆದುಕೊಂಡಳು. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಅಮೂಲ್ಯಾ ಮೂಗು ಒರೆಸಿಕೊಂಡು, ಕೈ ಚಾಚಿ, ಬಟ್ಟೆಯ ಮೂಲೆಯನ್ನು ತಾನೇ ಉಗುರಿನಿಂದ ಮೀಟಿ ನೋಡಿದಳು. ಎಲ್ಲೂ ಬಿಡಲಿಲ್ಲ.