ಅರವತ್ತೈದು ಡಿಗ್ರಿ

"ಏಯ್ ಮುಂಡೇದೆ, ಕೈ ತೆಗಿಯೇ! ಇನ್ನೂ ಪಾಸಾಗಿಲ್ಲ ಅದು!"

ಸೂಪರ್‌ವೈಸರ್ ಶಿವಕುಮಾರ್ ಹೀಗೆ ಕಿರುಚಿದ್ದು ನಮ್ಮವ್ವ ಚಿಕ್ಕಮಾದಮ್ಮನಿಗೆ. ಪಾಸಾಗದೆ ಇದ್ದದ್ದು ಉಪ್ಪಿಟ್ಟು.

ಬನ್ನಿಮಂಟಪದ ಮೈದಾನದ ಗೋಡೆ ಪಕ್ಕ ನಾವು ಮೂವತ್ತೆರಡು ಜನ ಪೌರಕಾರ್ಮಿಕರು ತಟ್ಟೆ ಹಿಡಿದು ನಿಂತಿದ್ದೆವು. ಐದೂವರೆಗೆ ಪೊರಕೆ ಹಿಡಿದವರು, ಈಗ ಎಂಟಾಗಿತ್ತು. ಹಿಂದೆ ಗುತ್ತಿಗೆದಾರ ಕೊಡುತ್ತಿದ್ದ ತಿಂಡಿಯಲ್ಲಿ ಹುಳ ಬರುತ್ತಿದ್ದವು. ರಸ್ತೆಯಲ್ಲಿ ಕೂತು ಗಲಾಟೆ ಮಾಡಿದೆವು. ಹೊಸ ಗುಣಮಟ್ಟದ ರೂಲ್ಸ್ ಬಂತು. ಅದರ ಹಿಂದೆಯೇ ತಪಾಸಣೆಗೆ ಷಡಕ್ಷರಿ ಸಾಹೇಬರು ಬಂದರು. ಅಂದಿನಿಂದ ಹನ್ನೆರಡು ದಿನ, ಒಂದು ತುತ್ತೂ ನಮ್ಮ ತಟ್ಟೆಗೆ ಬಿದ್ದಿರಲಿಲ್ಲ. ಹುಳದ ಕಾಲದಲ್ಲಿ ಹುಳ ಆರಿಸಿಯಾದರೂ ತಿನ್ನಬಹುದಿತ್ತು.

ಸಾಹೇಬರು ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಹಾಕಿದ್ದರು. ನಾವು ಒಂದು ಜೊತೆಗೆ ಅರ್ಜಿ ಕೊಟ್ಟು ಎಂಟು ತಿಂಗಳಾಗಿತ್ತು. ಪಾತ್ರೆಯ ಮುಚ್ಚಳ ತೆಗೆಸಿ, ನಾಲ್ಕೂ ಕಡೆಯಿಂದ ಫೋಟೊ ಹೊಡೆದು, ಫಾರಂ ತುಂಬುತ್ತಿದ್ದರು. ಹತ್ತೊಂಬತ್ತು ಕಾಲಂ. ಬಿಸಿ ನೋಡುವುದು ಹತ್ತೊಂಬತ್ತನೆಯದು.

"ಮುಚ್ಚಳ ಮುಚ್ಚಿ ಬರ್ಕೊಳಿ ಸಾ, ಆರೋಯ್ತದೆ," ಎಂದೆ.

"ಎಷ್ಟು ಓದಿದ್ದೀಯೋ?"

"ಎಂಟ್ನೇ ಕ್ಲಾಸು ಸಾ."

"ಮುಚ್ಚಳ ತೆರೆದೇ ಇರಬೇಕು ಅಂತ ರೂಲ್ಸ್ ಇದೆ. ನಿಮ್ಮ ಒಳ್ಳೇದಕ್ಕೇ ಕಣಯ್ಯ."

ಅವ್ವನಿಗೆ ಸಕ್ಕರೆ ಕಾಯಿಲೆ; ಮಾತ್ರೆ ನುಂಗಿ ಬಂದಿದ್ದಳು, ಹೊಟ್ಟೆಗೇನಾದರೂ ಬೀಳಲೇಬೇಕು. ಮನೆಯಿಂದ ತಂದ ರೊಟ್ಟಿಯನ್ನು ಶಿವಕುಮಾರ್ ಮೊದಲ ದಿನವೇ ಕಿತ್ತುಕೊಂಡಿದ್ದ. ತಪಾಸಣೆಯಾಗದ ಆಹಾರವಂತೆ.

"ತಲೆ ಸುತ್ತತದೆ ಬುದ್ಧಿ, ಒಂದೀಟು ಕೊಟ್ಬುಡಿ."

"ಫಾರಂನಲ್ಲಿ ತಲೆಸುತ್ತಿಗೆ ಕಾಲಂ ಇಲ್ಲಮ್ಮ."

ಕಡ್ಡಿಯಂಥ ಥರ್ಮಾಮೀಟರನ್ನು ಉಪ್ಪಿಟ್ಟಿಗೆ ಚುಚ್ಚಿದರು. ಟೀಂವ್ ಎಂದಿತು. ಅರವತ್ತೊಂದು. ಬೇಕಾದದ್ದು ಅರವತ್ತೈದು.

"ಫೇಲ್. ನಾಶ ಮಾಡಿ."

"ನನ್ಗೂ ಚುಚ್ಚಿ ನೋಡಿ ಬುದ್ಧಿ," ಎಂದಳು ಅವ್ವ. "ನಾನು ಪಾಸೋ ಫೇಲೋ ಗೊತ್ತಾಗ್ಲಿ."

ಯಾರೋ ಕಿಸಕ್ಕನೆ ನಕ್ಕರು. ನನ್ನ ಜೊತೆ ಗುಡಿಸುವ ಸಣ್ಣಮಾದಯ್ಯಣ್ಣನೂ ನಾನೂ ಪಾತ್ರೆ ಎತ್ತಿ ಕಸದ ಗಾಡಿಗೆ ಸುರಿದೆವು. ಹಸಿ ಕಸದ ಕಡೆಗೆ. ತಿನ್ನಬೇಕಾದವರೇ ನಾಶ ಮಾಡಬೇಕು. ಬೇರೆ ಯಾರು ಮಾಡುತ್ತಾರೆ? ಸಾಹೇಬರು ಥರ್ಮಾಮೀಟರನ್ನು ಗಾಡಿಯ ಅಂಚಿನ ಮೇಲಿಟ್ಟು ನಾಶದ ಫೋಟೊ ಹೊಡೆದರು.

ಅವ್ವ ಮುಂದೆ ಬಂದು ಗಾಡಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಯಿಗಿಟ್ಟಳು.

"ಥೂ! ಕಸಕ್ಕೆ ಕೈ ಹಾಕ್ತೀಯೇನೇ!" ಶಿವಕುಮಾರ್ ಹೌಹಾರಿದ.

"ಮೂವತ್ತೊರ್ಸದಿಂದ ಹಾಕ್ತಾ ಇವ್ನಿ ಕಣಪ್ಪ. ನಿನ್ಗೆ ಇವತ್ತು ಹೇಸ್ಗೆ ಆಯ್ತಾ?"

ಸಾಹೇಬರು ಮೊಬೈಲ್ ತೋರಿಸಿದರು. "ನೋಡಮ್ಮ, ಫೋಟೊ ಅಪ್‌ಲೋಡ್ ಆಗಿದೆ. ಉಪ್ಪಿಟ್ಟು ನಾಶ ಆಗೋಗಿದೆ. ಇಲ್ಲದೇ ಇರೋದನ್ನ ಹೇಗೆ ತಿಂತೀಯ?"

"ಹಿಂಗೆ," ಎಂದು ಅವ್ವ ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನಕ್ಕೆ ನೋಟೀಸು ಬಂತು. ನಾಶಪಡಿಸಲಾದ ಸಾರ್ವಜನಿಕ ಆಹಾರವನ್ನು ಕಳವು ಮಾಡಿದ್ದಕ್ಕೆ ಚಿಕ್ಕಮಾದಮ್ಮನನ್ನು ಕೆಲಸದಿಂದ ತೆಗೆಯಲಾಗಿದೆ. ಅವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಓದುತ್ತಿದ್ದ ನನ್ನ ಜೇಬಿನಲ್ಲಿ ಸಾಹೇಬರ ಥರ್ಮಾಮೀಟರ್ ಇತ್ತು.

ಮಾರನೆಯ ದಿನ ಗೋಕುಲಂ ಬಡಾವಣೆಯಲ್ಲಿ ಮನೆಮನೆಯ ಕಸ ಎತ್ತುವ ಸರದಿ ನಮ್ಮದಿತ್ತು. ಷಡಕ್ಷರಿ ಸಾಹೇಬರ ಗೇಟಿನ ಮುಂದೆಯೇ ಕಸದ ಗಾಡಿ ನಿಲ್ಲಿಸಿ ಸೀಟಿ ಊದಿದೆ. ಪಂಚೆಯಲ್ಲಿದ್ದ ಸಾಹೇಬರು ಹಸಿ ಕಸದ ಹಸಿರು ಬಕೆಟ್ ಹಿಡಿದು ಬಂದರು. ನಾನು ಅದರೊಳಗೆ ಕಡ್ಡಿ ಚುಚ್ಚಿದೆ.

ಟೀಂವ್.

"ಇಪ್ಪತ್ತಾರು ಸಾ. ಫೇಲು. ಅರವತ್ತೈದು ಇಲ್ದಿದ್ರೆ ಮುಟ್ಟಂಗಿಲ್ಲ."

"ತಲೆ ಕೆಟ್ಟಿದೆಯೇನೋ ಬೋಳಿಮಗನೆ? ಕೊಡೋ ಅದನ್ನ!"

"ನಿಮ್ಮ ಒಳ್ಳೇದಕ್ಕೇ ಸಾ."

"ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾ ಇದಾರೆ. ಮನೆಯೆಲ್ಲ ನಾರ್ತಾ ಇದೆ ಕಣೋ!"

"ಫಾರಂನಲ್ಲಿ ನಾತಕ್ಕೆ ಕಾಲಂ ಇಲ್ಲ ಸಾ."

ಅವರು ದನಿ ತಗ್ಗಿಸಿದರು. "ನಿಮ್ಮವ್ವನ ನೋಟೀಸು ಹರಿದು ಹಾಕಿಸ್ತೀನಿ. ತಗೊಂಡು ಹೋಗಪ್ಪ."

"ಮೊದ್ಲು ಹರೀರಿ. ಮುಚ್ಚಳ ಮುಚ್ಚಿ ಉಪ್ಪಿಟ್ಟು ಕೊಡ್ಸಿ. ಆಮೇಲೆ ಚುಚ್ಚಿ ನೋಡನ."

ಗಾಡಿಯ ಮುಂದಿನ ಸೀಟಿನಲ್ಲಿ, ಕೆಲಸವಿಲ್ಲದ ಅವ್ವ ತಪಾಸಣೆಯಾಗದ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಪಕ್ಕದ ರಸ್ತೆಯಲ್ಲಿ ಥರ್ಮಾಮೀಟರ್ ಇಲ್ಲದ ಸಣ್ಣಮಾದಯ್ಯಣ್ಣ ಪೊರಕೆಕಡ್ಡಿ ಕಿತ್ತು ಮನೆಮನೆಯ ಬಕೆಟ್ಟಿಗೆ ಚುಚ್ಚಿ, ಬಾಯಲ್ಲೇ "ಟೀಂವ್" ಎನ್ನುತ್ತಿದ್ದ. "ಫೇಲು ಕಣಮ್ಮೋ! ಒಳಿಕ್ಕೆ ತಗೊಂಡೋಗಿ!"

ಒಂದೊಂದೇ ಗೇಟಿನ ಮುಂದೆ ಬಕೆಟ್ಟುಗಳು ಸಾಲುಗಟ್ಟಿದವು. ಎದುರು ಮನೆಯಾಕೆ ಕಾಂಪೌಂಡಿನಿಂದ ಇಣುಕಿ, "ಎಷ್ಟು ಡಿಗ್ರಿ ಅಂದ್ರಿ?" ಎಂದು ಕೇಳಿದಳು.

"ಅರವತ್ತೈದು ಮೇಡಂ."

ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗ್ಯಾಸ್ ಹಚ್ಚಿದ ಸದ್ದು ಬಂತು.