ನೀಲಿ ಗೆರೆ, ಕೆಂಪು ಗೆರೆ

ಅವರ್ಸಾ ದಾಟಿತು, ಒಣಮೀನಿನ ವಾಸನೆ ಒಂದು ಸಲ ಒಳಗೆ ನುಗ್ಗಿ ಹೋಯಿತು, ಆಂಬುಲೆನ್ಸಿನ ಕಿಟಕಿ ಪೂರ್ತಿ ಮುಚ್ಚುವುದಿಲ್ಲ — ಕಾರವಾರಕ್ಕೆ ಇನ್ನೂ ಅರ್ಧ ಗಂಟೆ, ಅಷ್ಟು ಹೊತ್ತು ಈ ಟವೆಲನ್ನು ಹೀಗೇ ಹಿಡಿದಿರಬೇಕು, ಹುಬ್ಬಿನ ಮೇಲೆ ಒತ್ತಿ ಅಕ್ಕಾ, ಕಣ್ಣಿನ ಮೇಲೆ ಬ್ಯಾಡ, ಅನ್ನುತ್ತಾನೆ ಆಂಬುಲೆನ್ಸಿನವನು, ಒತ್ತುತ್ತೇನೆ, ಆದರೂ ರಕ್ತ ನನ್ನ ಮಣಿಕಟ್ಟಿಗೆ ಇಳಿಯುತ್ತದೆ, ಬಿಸಿಯಾಗಿ, ರಕ್ತ ಇಷ್ಟು ಬಿಸಿ ಇರುತ್ತದೆಂದು ಗೊತ್ತಿರಲಿಲ್ಲ, ಮಲಗಿದವನು ನನ್ನ ತಮ್ಮ ಸಂಕೇತ, ಹೊಡೆದವಳು ನಾನು, ಆದರೆ ಮೊದಲು ಹೊಡೆದವನು ಅವನೇ, ಇದೋ ನಾಲಿಗೆಗೆ ಹಲ್ಲಿನ ಚೂರು ಸಿಗುತ್ತಿದೆ, ಬಲಗಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ. ಬೆಳಿಗ್ಗೆ ಕೋಡಿಬಾಗದಿಂದ ಬಂದ, ಅಂಕೋಲಾ ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಲಗೇಜು ಕೋಣೆಗೆ, ಪ್ರವಾಸಿಗಳು ಬ್ಯಾಗು ಇಟ್ಟು ಸಮುದ್ರಕ್ಕೋ ಜಲಪಾತಕ್ಕೋ ಹೋಗುವ ಆ ಒಂದೇ ಒಂದು ಕೋಣೆಗೆ, ಬಂದವನೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ, ನೋಡಕ್ಕಾ, ಜಗತ್ತಿನ ಜನ ನೆಟ್ಟಿನಲ್ಲಿ ಎಂತ ಹುಡುಕ್ತ್ರು ಹೇಳಿ ತೋರಿಸ್ತದೆ ಇದು, ಮೇಲಿರೂ ನೀಲಿ ಗೆರೆ ನಂದು, ಬೂಟ್‌ಸ್ಟ್ರ್ಯಾಪು — ವೆಬ್‌ಸೈಟು ಚಂದ ಕಾಣುವಂತೆ ಮಾಡುವ ಸಿದ್ಧ ಸಾಮಾನು ಅದು, ಎಂಟು ವರ್ಷದಿಂದ ಅದನ್ನೇ ಕಲಿಸುತ್ತಾನೆ — ಕೆಳಗೆ ನೆಲಕ್ಕೆ ಅಂಟ್ಕಂಡಿರೂ ಕೆಂಪು ಗೆರೆ ನಿಂದು, ಲಗೇಜು ಇಡೂದು, ಯಾರಿಗೂ ಬೇಡದ್ದನ್ನ ಹಿಡ್ಕಂಡು ಕೂತಿದ್ಯೆ, ಈ ಕೋಣೆ ನಂಗೆ ಬಿಡು, ಇಲ್ಲೇ ಕ್ಲಾಸು ಮಾಡ್ತೆ, ಬಸ್ಸಿಳಿದ ಹುಡುಗ್ರೆಲ್ಲ ಬರ್ತ್ರು.

ನಾನು ಬಗ್ಗಿ ನೋಡಿದೆ, ಸರಿಯಾಗಿಯೇ ನೋಡಿದೆ, ಹದಿನಾಲ್ಕು ವರ್ಷ ಬ್ಯಾಗುಗಳ ಹಿಡಿಕೆ, ಜಿಪ್ಪು, ಹರಿದ ಮೂಲೆ ನೋಡಿ ಪಳಗಿದ ಕಣ್ಣು ನನ್ನದು — ನೀಲಿಯ ಶಿಖರ ಇರುವುದು ನಡುವೆ, ಆಮೇಲೆ ಇಳಿಜಾರು, ವರ್ಷ ವರ್ಷ ಇಳಿಜಾರು, ಕೆಂಪು ಮಾತ್ರ ಕೊರೊನಾದಲ್ಲಿ ಒಮ್ಮೆ ಸತ್ತು ಮತ್ತೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಏರುತ್ತ ಬಂದಿದೆ, ಸಂಕೇತಾ, ನಿನ್ನ ಗೆರೆ ಇಳೂಕೆ ಹತ್ತಿ ಎಷ್ಟು ವರ್ಷ ಆಯ್ತೋ ಅಂದೆ, ಅಂದು ನಕ್ಕೆ, ನಗಬಾರದಿತ್ತು, ಅವನ ಹೆಂಡತಿ ದೀಕ್ಷಾ ಹೋದ ವಾರ ಫೋನಿನಲ್ಲಿ ಅತ್ತಿದ್ದಳು, ಕ್ಲಾಸಿಗೆ ಒಬ್ರೂ ಬರೂದಿಲ್ಲ ಅತ್ತಿಗೆ, ಇವ್ರು ದಿನಾ ಹೋಗಿ ಖಾಲಿ ಕುರ್ಚಿ ಒರೆಸಿ ಬರ್ತ್ರು, ನನಗೆ ಗೊತ್ತಿತ್ತು, ಗೊತ್ತಿದ್ದೇ ನಕ್ಕೆ. ಮುಷ್ಟಿ ಬಂದದ್ದು ಕಾಣಲಿಲ್ಲ, ಗೋಡೆ ಬೆನ್ನಿಗೆ ಬಡಿಯಿತು, ಬಾಯಿ ತುಂಬ ಉಪ್ಪು, ಅವನು ಲ್ಯಾಪ್‌ಟಾಪನ್ನು ಮೇಜಿನ ಅಂಚಿಗೆ ಕುಟ್ಟುತ್ತಿದ್ದಾನೆ, ಒಂದು ಸಲ, ಎರಡು ಸಲ, ಆಮೇಲೆ ಕಪಾಟಿನ ಬ್ಯಾಗುಗಳಿಗೆ ಕೈ ಹಾಕಿದ, ಇದೋ ನಿನ್ನ ಕೆಂಪು ಗೆರೆ, ಇದೋ, ಇದೋ ಅನ್ನುತ್ತ ಒಂದೊಂದನ್ನೇ ರಸ್ತೆಗೆ ಎಸೆದ, ಯಲ್ಲಾಪುರದ ಬಸ್ಸು ಒಂದು ಸೂಟ್‌ಕೇಸಿನ ಮೇಲೇ ಹಾದುಹೋಯಿತು, ಮೂಳೆ ಮುರಿದಂಥ ಸದ್ದು, ಮಗುವಿನ ಅಂಗಿಗಳು ಚಕ್ರಕ್ಕೆ ಸುತ್ತಿಕೊಂಡವು, ಪ್ರತಿಯೊಂದಕ್ಕೂ ನಾನು ಕೈಯಾರೆ ಚೀಟಿ ಕಟ್ಟಿದ್ದೆ, ನನ್ನನ್ನು ನಂಬಿ ಬಿಟ್ಟುಹೋದದ್ದು — ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೈಗೆ ಹೇಗೆ ಬಂತೋ, ಮೊದಲ ಏಟು ಭುಜಕ್ಕೆ ಬಿತ್ತು, ಅಷ್ಟು ಸಾಕಿತ್ತು, ಬ್ಯಾಗು ಅವನ ಕೈಯಿಂದ ಬಿತ್ತು, ಬರಿಗೈಯಲ್ಲಿ ತಿರುಗಿದ, ಅಕ್ಕಾ ಅಂದ, ಮುಗಿದಿತ್ತು, ಎಲ್ಲ ಮುಗಿದಿತ್ತು, ಆಗ ಹೊಡೆದೆ ಎರಡನೆಯದು, ಮುಖ ನೋಡಿಯೇ ಹೊಡೆದೆ, ಹೊಡೆದಾಗ ಒಂದು ಕ್ಷಣ ಸುಖವಾಯಿತು, ಹಣ್ಣಿನಂಗಡಿಯ ಗಂಗೂ ಚೀರುತ್ತಿದ್ದಳು, ಅಯ್ಯೋ ಮಂದಾಕಿನೀ, ಸಾಯಿಸ್ತ್ಯೇನೇ ಅವನ್ನ, ಬಿಡೇ.

ಅಮದಳ್ಳಿ, ಅರ್ಗಾ, ಬಿಣಗಾ, ಸಮುದ್ರ ಬಂತು, ಹೋಯಿತು, ಆಸ್ಪತ್ರೆಯ ಗಾಲಿಮಂಚ ಕಿರುಗುಟ್ಟುತ್ತದೆ, ಹೇಗಾಯ್ತು ಎಂದು ನರ್ಸು ಕೇಳುತ್ತಾಳೆ, ನಾನು ಬಾಯಿ ತೆರೆಯುವ ಮೊದಲೇ ಶಟರ್ ಬಿತ್ತು ಸಿಸ್ಟರ್ ಅನ್ನುತ್ತಾನೆ ಸಂಕೇತ, ಇವರ ಹಲ್ಲು? ಅದೂ ಶಟರೇ, ನರ್ಸು ನನ್ನ ಕೈಯ ರಕ್ತ ನೋಡಿ ಬರೆದುಕೊಳ್ಳುತ್ತಾಳೆ, ನಾನು ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತೇನೆ, ಅವನು ನನಗಾಗಿ ಸುಳ್ಳು ಹೇಳಿದ, ಹಾಗಾದರೆ ಇಬ್ಬರದ್ದೂ ತೀರಿತು, ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿದರೆ ವಾರದಲ್ಲಿ ಮಾಯುತ್ತದೆ, ಮನೆಗೆ ಕರೆದುಕೊಂಡು ಹೋಗಿ ಗಂಜಿ ಮಾಡಿ ಹಾಕುತ್ತೇನೆ, ಬೇಕಾದರೆ ಕೋಣೆಯ ಅರ್ಧ ಕೊಡುತ್ತೇನೆ. ಡಾಕ್ಟರು ಬಂದರು, ನನ್ನ ವಯಸ್ಸಿನ ಹೆಂಗಸು, ರಕ್ತ ಒರೆಸಿ ಎಡಗಣ್ಣಿನ ರೆಪ್ಪೆ ಮೆಲ್ಲಗೆ ಎತ್ತಿದರು, ಬಲಗಣ್ಣನ್ನು ಒಂದು ಅಂಗೈಯಿಂದ ಮುಚ್ಚಿದರು, ಇನ್ನೊಂದು ಕೈ ಮುಂದೆ ಹಿಡಿದರು, ಎಷ್ಟು ಬೆರಳು ಹೇಳಿ, ಎರಡು, ಎರಡು ಅನ್ನೋ ಎನ್ನುತ್ತೇನೆ ಮನಸ್ಸಿನಲ್ಲೇ, ಅವನು ಪಾಠ ಕೇಳುವವನಂತೆ ಮುಖ ಎತ್ತಿ ಕಾಯುತ್ತಿದ್ದಾನೆ, ಎಷ್ಟು ಬೆರಳು ಎಂದು ಮತ್ತೆ ಕೇಳಿದರು, ಬೆರಳು ಎತ್ತಿ ಮೇಡಂ, ಎತ್ತಿದ ಕೂಡ್ಲೆ ಹೇಳ್ತೆ ಅಂದ — ಶಟರ್ ಅಲ್ಲ, ನಾನು ಹೊಡೆದದ್ದು ಅಂದೆ, ಜೋರಾಗಿಯೇ ಅಂದೆ, ಬ್ಯಾಗು ಕೆಳಗೆ ಬಿದ್ದ ಮೇಲೆ ಹೊಡೆದದ್ದು, ನರ್ಸಿನ ಪೆನ್ನು ನಿಂತಿತು, ಡಾಕ್ಟರು ತಿರುಗಲಿಲ್ಲ, ಅವರ ಬೆರಳು ಹಾಗೇ ಇವೆ, ಅವನ ಮುಖದಿಂದ ಒಂದು ಗೇಣು ದೂರ, ಎರಡು ಬೆರಳು, ಅವನು ಕಾಯುತ್ತಲೇ ಇದ್ದಾನೆ, ಎರಡು ಬೆರಳು —