ಹತ್ತಿಕಟ್ಟಿಗೆಯ ಒಲೆ

ಅಬಲೂರಿನ ಸುತ್ತ ಎಲ್ಲರೂ ಹತ್ತಿಗೆ ಕೈಮುಗಿದು ಗೋವಿನಜೋಳ ಬಿತ್ತಿದ ಮೇಲೂ ಮಾದೇವಿ ಹಟ ಬಿಟ್ಟಿರಲಿಲ್ಲ. ಕೈಯಿಂದಲೇ ಹೂವು ಕೂಡಿಸಿ ಬೀಜದ ಹತ್ತಿ ಬೆಳೆಯುವ ಕ್ರಾಸಿಂಗ್ ಎಂದರೆ ಅವಳ ಜೀವ. ಸಂಜೆ ಉಗುರಿನಿಂದ ಮೊಗ್ಗು ಸುಲಿಯಬೇಕು, ಬೆಳಿಗ್ಗೆ ಅದಕ್ಕೆ ಗಂಡುಹೂವು ಮುಟ್ಟಿಸಬೇಕು. ಅದಕ್ಕೆಂದೇ ಹೆಬ್ಬೆರಳಿನ ಉಗುರು ಬೆಳೆಸಿಕೊಂಡವಳು ಅವಳು.

"ಈ ವರ್ಷ ಹುಳ ಬಿದ್ರ ಮುಗೀತ ನೋಡ. ಹೊಲಾ ಗೋಂಜಾಳಕ್ಕ," ಎಂದು ಗಂಡ ಹೊಳಬಸಪ್ಪ ಬಿತ್ತುವ ಮೊದಲೇ ಖಡಾಖಂಡಿತ ಹೇಳಿದ್ದ.

ಆಕಾಶಕ್ಕೆ ಅದೇನು ಸಿಟ್ಟೋ. ಆಶ್ಲೇಷ ಮಳೆಗೆ ಕವಿದ ಮೋಡ ಹುಬ್ಬೆ ಮಳೆ ಬಂದರೂ ಸರಿಯಲಿಲ್ಲ. ಬಿಸಿಲಿಲ್ಲ, ಗಾಳಿಯಿಲ್ಲ, ಬರೀ ಜಿಟಿಜಿಟಿ. ಹೊಡೆದ ಔಷಧಿ ಎಲೆಯ ಮೇಲೆ ಒಣಗುವ ಮೊದಲೇ ತೊಳೆದುಹೋಗುತ್ತಿತ್ತು.

ಸವಣೂರಿನ ಆಚಾರ್ಯರ ಮಗಳು ದೀಪ್ತಿ ಹಾನಗಲ್ಲ, ಶಿಗ್ಗಾಂವಿ ಕಡೆಯೆಲ್ಲ ಸುತ್ತಿ ಹತ್ತಿಯ ಹುಳದ ಜಾಡು ಹಿಡಿಯುವ ಕೀಟತಜ್ಞೆ. ಆ ದಿನ ಅವಳು ಹೊಲಕ್ಕೆ ಬಂದಾಗ, ಅರಳದೆ ಮುದುಡಿದ ಹೂವೊಂದನ್ನು ಮಾದೇವಿಯೇ ಕಿತ್ತು ಉಗುರಿನಿಂದ ಸೀಳಿದಳು. ಒಳಗೆ ಗುಲಾಬಿ ಬಣ್ಣದ ಹುಳ ಹಾಯಾಗಿ ಮಲಗಿತ್ತು. ಇನ್ನೊಂದರಲ್ಲೂ ಅದೇ. ಮಾದೇವಿ ದೀಪ್ತಿಯತ್ತ ತಿರುಗಿದಳು.

"ಸುತ್ತ ಎಲ್ಲೂ ಹತ್ತಿನ ಇಲ್ಲಲ್ರಿ ಬಾಯಾರ. ಎಲ್ಲಿಂದ ಬಂತ್ರಿ ಇದು?"

ದೀಪ್ತಿಯ ಕಣ್ಣು ಹೊಲದಂಚಿನ ಗುಡಿಸಲಿಗೆ ಒರಗಿಸಿದ್ದ ಬಣವೆಯ ಮೇಲಿತ್ತು. ಹೋದ ವರ್ಷದ ಹತ್ತಿಕಟ್ಟಿಗೆ. ಊರವರೆಲ್ಲ ತಮ್ಮದನ್ನು ಬೇಸಿಗೆಯಲ್ಲೇ ಸುಟ್ಟಿದ್ದರು. ರೊಟ್ಟಿಗೆ ಇಂಥ ಉರಿ ಬೇರೆ ಯಾವುದೂ ಕೊಡುವುದಿಲ್ಲವೆಂದು ಮಾದೇವಿ ಮಾತ್ರ ಹೊರೆಹೊರೆಯಾಗಿ ಒಟ್ಟಿ, ನೆನೆಯದಂತೆ ತಾಡಪತ್ರಿ ಹೊದಿಸಿದ್ದಳು.

ಕಟ್ಟಿಗೆಯಲ್ಲೇ ಉಳಿದಿದ್ದ ಒಣಕಾಯಿಯೊಂದನ್ನು ದೀಪ್ತಿ ಒಡೆದು ತೋರಿಸಿದಳು. ಅಂಟಿಕೊಂಡ ಎರಡು ಬೀಜ, ನಡುವೆ ಹುಳದ ಖಾಲಿ ಗೂಡು.

"ಇದರಾಗ ಮಲಗಿ ಬ್ಯಾಸಗಿ ಕಳೀತಾವ, ಮಾದೇವಕ್ಕ. ಮಳಿ ಬಿದ್ದು ಹವಾ ತಂಪಾತಂದ್ರ ಪತಂಗ ಆಗಿ ಹೊರಬೀಳ್ತಾವ. ಈ ಸಲ ಮೋಡಾನೂ ಅವಕ್ಕ ಕೂಡಿಬಂತು."

"ಅಂದ್ರ ನಾನ ಅವನ್ನ ಸಾಕೇನಿ."

ದೀಪ್ತಿ ಒಡೆದ ಕಾಯಿಯನ್ನು ಅವಳ ಕೈಗಿಟ್ಟಳು.

ಮಾದೇವಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತಾಡಪತ್ರಿ ಎಳೆದೊಗೆದು ಬಣವೆಗೆ ಬೆಂಕಿ ಇಡಲು ಕುಳಿತಳು. ತೇವಕ್ಕೆ ಕಡ್ಡಿ ಹೊತ್ತಲಿಲ್ಲ. ಅಷ್ಟರಲ್ಲಿ ಹೊಳಬಸಪ್ಪ ಬಂದು ಒಂದೆರಡು ಹೂವು ಬಿಡಿಸಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡ.

"ಈಗ ಸುಟ್ಟ ಏನ ಮಾಡ್ತಿ? ರೊಟ್ಟಿಗರ ಇರ್ಲಿ ಬಿಡ. ಬರೂ ವರ್ಷ ಹೊಲಾ ಗೋಂಜಾಳಕ್ಕ, ಈ ಕಟಗೀನೂ ಇರಂಗಿಲ್ಲ."

ಮಧ್ಯಾಹ್ನ ಮಾದೇವಿ ಅದೇ ಕಟ್ಟಿಗೆಯಿಂದ ಒಲೆ ಹೊತ್ತಿಸಿದಳು. ಉರಿ ಎಂದಿನಂತೆ ಚೆನ್ನಾಗಿತ್ತು. ಹಿಟ್ಟು ನಾದುವ ಮೊದಲು ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಕತ್ತರಿಸಿದಳು.